ಗುಮಾಸ್ತನ ಕುದುರೆ

ಕಛೇರಿಗೆ ಬೈಸಿಕಲ್ಲಿನ ಮೇಲೆ ಮೊದಲ ದಿನ ಹೊರಟವನಿಗೆ ಎರಡು ಭಯ: ಬಿದ್ದರೇನು ಎಂಬುದೊಂದು, ಕಂಡವರು ನಕ್ಕರೇನು ಎಂಬುದಿನ್ನೊಂದು. ಇವೆರಡೂ ಬೈಸಿಕಲ್ಲಿನಷ್ಟೇ ಹಳೆಯವು.

1817ರಲ್ಲಿ ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಮರದ ದ್ವಿಚಕ್ರವೊಂದನ್ನು ಓಡಿಸಿದ. ಅದಕ್ಕೆ ಪೆಡಲಿಲ್ಲ, ಸವಾರ ನೆಲವನ್ನು ಒದೆಯುತ್ತ ಸಾಗಬೇಕು. ಲಂಡನ್ನಿನ ವ್ಯಂಗ್ಯಚಿತ್ರಕಾರರಿಗೆ ಅದೊಂದು ಹಬ್ಬವೇ ಆಯಿತು. ಪೆಡಲು ಬಂದದ್ದು 1860ರ ದಶಕದಲ್ಲಿ. ಮುಂದಿನ ದಶಕದಲ್ಲಿ ಮುಂಚಕ್ರ ಆಳೆತ್ತರ ಬೆಳೆಯಿತು. ಏರುವುದು ಕಷ್ಟ, ಬಿದ್ದರೆ ತಲೆಯೇ ಮೊದಲು ನೆಲಕ್ಕೆ. ಅದು ಹಣವಂತ ತರುಣರ ಆಟವಾಗಿತ್ತೇ ಹೊರತು ದುಡಿಯುವವನ ವಾಹನವಾಗಿರಲಿಲ್ಲ.

ಬೀಳುವ ಭಯವನ್ನು ತಗ್ಗಿಸಿದವರು ಇಬ್ಬರು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಚಕ್ರಗಳನ್ನು ತಗ್ಗಿಸಿ, ಹಿಂಚಕ್ರಕ್ಕೆ ಸರಪಳಿ ತೊಡಿಸಿದ ‘ರೋವರ್’ ಸೈಕಲ್ಲನ್ನು ಮುಂದಿಟ್ಟ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ತ್ರಿಚಕ್ರಕ್ಕೆಂದು ಮಾಡಿದ ಗಾಳಿಯ ಟೈರಿಗೆ ಪೇಟೆಂಟ್ ಪಡೆದ. ಶತಮಾನದ ಕೊನೆಗೆ ಬೆಲೆಯೂ ಇಳಿಯಿತು. ಕೂಲಿಕಾರನಿಗೂ ಗುಮಾಸ್ತನಿಗೂ ಕುದುರೆ ಸಿಕ್ಕಿತು. ಹುಲ್ಲು ಬೇಡ, ಲಾಯ ಬೇಡ!

ನಮ್ಮ ದೇಶಕ್ಕೆ ಬಹುಕಾಲ ಸೈಕಲ್ಲು ಹೆಚ್ಚಾಗಿ ಇಂಗ್ಲೆಂಡಿನಿಂದ ಬರುತ್ತಿತ್ತು. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ 1949ರಲ್ಲಿ ಟಿ.ಐ., ಸೋನಿಪತ್ತಿನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಕಂಪನಿಗಳು ಹುಟ್ಟಿದವು. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ 1940ರ ವಿಮಾನ ಕಾರ್ಖಾನೆಯ ಜೊತೆಗೆ ದೂರವಾಣಿ, ಯಂತ್ರೋಪಕರಣ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ತಲೆಯೆತ್ತಿದವು. ಪಾಳಿ ಬಿಟ್ಟೊಡನೆ ಬಾಗಿಲಿನಿಂದ ಹೊಳೆಯಂತೆ ಹೊರಬೀಳುತ್ತಿದ್ದುದು ಸೈಕಲ್ಲು.

ಆ ಹೊಳೆಯ ಒಂದು ಹನಿ ನಮ್ಮ ತಂದೆ. ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಷರಾಯಿಗೆ ಕ್ಲಿಪ್ಪು. ನಾನು ಒಳಪೆಡ್ಲು ಕಲಿತದ್ದೂ ಅದೇ ಸೈಕಲ್ಲಿನಲ್ಲಿ. ನನಗೆ ಕೆಲಸ ಸಿಕ್ಕಾಗ ಅವರು ಅದನ್ನು ತೊಳೆದು, ಎಣ್ಣೆ ಬಿಟ್ಟು, ಅಂಗಳದಲ್ಲಿ ನಿಲ್ಲಿಸಿದರು. ನಾನು ಸ್ಕೂಟರು ಕೊಂಡೆ. ಅವರು ಏನೂ ಅನ್ನಲಿಲ್ಲ. ಸೈಕಲ್ಲನ್ನು ಮರಳಿ ಗೋಡೆಗೊರಗಿಸಿದರು.

ಕಳೆದ ವರ್ಷ, ನಲವತ್ತು ದಾಟಿದ ಮೇಲೆ, ಅದೇ ಸೈಕಲ್ಲಿನಲ್ಲಿ ಕಾಲೇಜಿಗೆ ಹೊರಟೆ. ಮೊದಲ ಭಾನುವಾರ ದಾರಿ ನೋಡಿಕೊಂಡು ಬಂದೆ. ಸೋಮವಾರ ಅರ್ಧ ಗಂಟೆ ಮುಂಚೆ ಎದ್ದೆ. ಬೀಳಲಿಲ್ಲ. ಬಾಗಿಲಲ್ಲಿ ವಿದ್ಯಾರ್ಥಿಗಳು ನಕ್ಕರು, ನಿಜ. ಆದರೆ ಇಷ್ಟು ವರ್ಷ ನನ್ನನ್ನು ತಡೆದದ್ದು ಅವರ ನಗೆಯಲ್ಲ. ತಂದೆಯ ಸೈಕಲ್ಲನ್ನು ಕಂಡು ನಾಚಿದವನು ನಾನೇ. ಅದನ್ನು ಅವರಿಗೆ ಹೇಳೋಣವೆಂದರೆ, ಈಗ ಅವರಿಲ್ಲ.