ಅಜ್ಜಿಯ ಗೂನು

ನಮ್ಮಜ್ಜಿಗೆ ಕೊನೆಗಾಲದಲ್ಲಿ ನಾಗಂದಿಗೆಯ ಉಪ್ಪಿನಕಾಯಿ ಭರಣಿ ಎಟುಕುತ್ತಿರಲಿಲ್ಲ. "ವಯಸ್ಸಾಯ್ತಲ್ಲ ಮಗಾ, ಬೆನ್ನು ಬಾಗ್ತದೆ" ಅನ್ನೋಳು. ಅದು ಬರೀ ವಯಸ್ಸಲ್ಲ, ಸವೆದು, ಸದ್ದಿಲ್ಲದೆ ಒಂದೊಂದಾಗಿ ಕುಸಿದ ಬೆನ್ನುಮೂಳೆಯ ಮಣಿಗಳು ಎಂದು ನನಗೆ ತಿಳಿದದ್ದು ಮೂಳೆವೈದ್ಯನಾದ ಮೇಲೆ. ಮುಟ್ಟು ನಿಂತ ಹೆಂಗಸರ ಮೂಳೆಸವೆತಕ್ಕೂ ಈಸ್ಟ್ರೋಜೆನ್ ಕೊರತೆಗೂ ಇರುವ ನಂಟನ್ನು ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಬರೆದಿದ್ದರು.

ಇಂಥ ಬೆನ್ನು ಕೊಯ್ಯುವುದೆಂದರೆ ನಮಗೆ ಅಳುಕು. ಸ್ಕ್ರೂ ಕಚ್ಚಿಕೊಳ್ಳುವುದಿಲ್ಲ, ಗೆದ್ದಲು ತಿಂದ ತೊಲೆಗೆ ಮೊಳೆ ಹೊಡೆದ ಹಾಗೆ. ಹಿಡಿತ ಸಿಕ್ಕಿತೆಂದುಕೊಂಡರೂ ಸ್ಕ್ರೂ ಹಾಕಿದ ಮಣಿಯ ಮೇಲಿನದು ಕುಸಿದೀತು.

1984ರಲ್ಲಿ ಫ್ರಾನ್ಸಿನ ಅಮಿಯಾಂ ಊರಿನಲ್ಲಿ ಗಾಲಿಬೇರ್ ಮತ್ತು ಡೆರಮೊಂ ಎಂಬ ವೈದ್ಯರು ಕೊಯ್ಯದೆಯೇ, ಬರೀ ಸೂಜಿ ಚುಚ್ಚಿ ಕತ್ತಿನ ಮಣಿಯೊಂದಕ್ಕೆ ಅಕ್ರಿಲಿಕ್ ಸಿಮೆಂಟು ತುಂಬಿದರು. ಆ ರೋಗಿಗೆ ಇದ್ದದ್ದು ರಕ್ತನಾಳಗಳ ಗಂಟು, ಮೂಳೆಸವೆತವಲ್ಲ! ಉಪಾಯ ಮಾತ್ರ ಸವೆದ ಬೆನ್ನುಗಳಿಗೆಲ್ಲ ಹಬ್ಬಿತು. ನಾವೂ ಹುರುಪಿನಿಂದ ಸಿಮೆಂಟು ತುಂಬಿದೆವು. ಹುಸಿ ಚಿಕಿತ್ಸೆಗಿಂತ ಇದು ಹೆಚ್ಚೇನೂ ನೋವು ತಗ್ಗಿಸದು ಎಂದು 2009ರಲ್ಲಿ ಎರಡು ಪ್ರಯೋಗಗಳು ಹೇಳಿದಾಗ ನಮ್ಮ ಮುಖ ಸಣ್ಣದಾಯಿತು. ಆ ವಾದ ಇನ್ನೂ ಮುಗಿದಿಲ್ಲ.

ಈಗ ವಯಸ್ಸಾದವರಿಗೆ ಸ್ಕ್ರೂ ಹಾಕುವ ಮುನ್ನ ಮೂಳೆಯ ಸಾಂದ್ರತೆ ಅಳೆಸುತ್ತೇನೆ. ನಿಮ್ಮ ಮನೆಯ ಅಜ್ಜಿ ಗಿಡ್ಡವಾಗುತ್ತಿದ್ದರೆ ನೀವೂ ಒಮ್ಮೆ ಅಳೆಸಿ.