ಪ್ಯಾಟರ್ಸನ್, ಒಟಿಲಿ (1932–2011)

ಉತ್ತರ ಐರ್ಲೆಂಡಿನ ಜಾಸ್ ಮತ್ತು ಬ್ಲೂಸ್ ಗಾಯಕಿ. ಪೂರ್ಣ ಹೆಸರು ಅನ್ನಾ ಒಟಿಲಿ ಪ್ಯಾಟರ್ಸನ್. 1932ರ ಜನವರಿ 31ರಂದು ಡೌನ್ ಕೌಂಟಿಯ ಕಂಬರ್ ಊರಿನಲ್ಲಿ ಹುಟ್ಟಿದಳು. ತಂದೆ ಉತ್ತರ ಐರ್ಲೆಂಡಿನವನು, ತಾಯಿ ಲಾಟ್ವಿಯಾದವಳು. ಆ ನಾಡಿನಲ್ಲಿ ಅಪರೂಪವಾದ ಒಟಿಲಿ ಎಂಬ ಹೆಸರು ಬಂದದ್ದು ತಾಯಿಯ ಕಡೆಯಿಂದ. ಹನ್ನೊಂದನೆಯ ವಯಸ್ಸಿನಿಂದ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತಳು. ಹಾಡುಗಾರಿಕೆಗೆ ಮಾತ್ರ ಗುರುಗಳಿರಲಿಲ್ಲ.

1949ರಲ್ಲಿ ಚಿತ್ರಕಲೆ ಓದಲು ಬೆಲ್‌ಫಾಸ್ಟಿಗೆ ಹೋದಾಗ ಸಹಪಾಠಿಯೊಬ್ಬನ ಮೂಲಕ ಬೆಸಿ ಸ್ಮಿತ್, ಜೆಲ್ಲಿ ರೋಲ್ ಮಾರ್ಟನ್ ಮೊದಲಾದ ಅಮೆರಿಕದ ಕರಿಯ ಕಲಾವಿದರ ಸಂಗೀತದ ಪರಿಚಯವಾಯಿತು. ಬೆಸಿ ಸ್ಮಿತ್ 1937ರಲ್ಲೇ ತೀರಿಕೊಂಡಿದ್ದಳು. ಉಳಿದಿದ್ದುದು ಧ್ವನಿಮುದ್ರಣಗಳು ಮಾತ್ರ. ಒಟಿಲಿಯ ಬ್ಲೂಸ್ ಕಲಿಕೆ ನಡೆದದ್ದು ಹೀಗೆ, ಗ್ರಾಮಫೋನ್ ತಟ್ಟೆಗಳ ಮುಂದೆ. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು, ಯಾವ ಪದಕ್ಕೆ ಒರಟು ಸೇರಿಸಬೇಕು ಎಂಬುದನ್ನೆಲ್ಲ ಕಿವಿಯಿಂದಲೇ ಹಿಡಿದಳು. ಬೆಲ್‌ಫಾಸ್ಟಿನ ಸಣ್ಣ ತಂಡಗಳಲ್ಲಿ ಹಾಡತೊಡಗಿದಳು. ಹೊಟ್ಟೆಪಾಡಿಗೆ ಚಿತ್ರಕಲೆಯ ಮೇಷ್ಟರಿಕೆ ಇತ್ತು.

1954ರ ಬೇಸಿಗೆಯಲ್ಲಿ ರಜೆ ಕಳೆಯಲು ಲಂಡನ್ನಿಗೆ ಹೋದಾಗ ಬೆರಿಲ್ ಬ್ರೈಡನ್ ಎಂಬ ಗಾಯಕಿ ಈಕೆಯನ್ನು ಟ್ರಾಂಬೋನ್ ವಾದಕ ಕ್ರಿಸ್ ಬಾರ್ಬರನ ತಂಡಕ್ಕೆ ಪರಿಚಯಿಸಿದಳು. ಡಿಸೆಂಬರ್ 28ರಂದು ತಂಡಕ್ಕೆ ಸೇರಿದವಳು ಹನ್ನೆರಡೇ ದಿನಗಳಲ್ಲಿ, 1955ರ ಜನವರಿ 9ರಂದು, ರಾಯಲ್ ಫೆಸ್ಟಿವಲ್ ಹಾಲಿನ ವೇದಿಕೆ ಹತ್ತಿದ್ದಳು. ಮೇಷ್ಟರಿಕೆ ಅಲ್ಲಿಗೆ ಮುಗಿಯಿತು. ಬಾರ್ಬರನನ್ನು ಮದುವೆಯಾದದ್ದು 1959ರಲ್ಲಿ, 1983ರಲ್ಲಿ ವಿಚ್ಛೇದನ.

ಬಾರ್ಬರ್ ಅಮೆರಿಕದಿಂದ ಕರೆಸಿಕೊಂಡ ಸಿಸ್ಟರ್ ರೊಸೆಟಾ ಥಾರ್ಪ್, ಸನಿ ಟೆರಿ, ಬ್ರೌನಿ ಮೆಕ್‌ಗೀ, ಮಡಿ ವಾಟರ್ಸ್ ಅವರಂಥ ಘಟಾನುಘಟಿಗಳ ಪ್ರವಾಸಗಳಲ್ಲಿ ಈಕೆಯೂ ಇದ್ದಳು. ತಂಡ ಅಮೆರಿಕಕ್ಕೆ ಹೋದಾಗ ಷಿಕಾಗೊದಲ್ಲಿ ಮಡಿ ವಾಟರ್ಸ್ ಹಾಡುತ್ತಿದ್ದ ಕ್ಲಬ್ಬಿನಲ್ಲಿ, ಬ್ಲೂಸನ್ನೇ ಉಂಡು ಬೆಳೆದ ಕೇಳುಗರ ಮುಂದೆ, ಹಾಡಿದಳು. ಬ್ರಿಟನ್ನಿನ ಬ್ಲೂಸ್ ಎಂದೊಡನೆ 1960ರ ದಶಕದ ಗಿಟಾರಿನ ಹುಡುಗರನ್ನು ನೆನೆಯುವುದು ವಾಡಿಕೆ. ಆ ಹುಡುಗರು ಇನ್ನೂ ಶಾಲೆಯಲ್ಲಿದ್ದಾಗಲೇ ಈಕೆಯ ಬ್ಲೂಸ್ ತಟ್ಟೆಗಳು ಮಾರುಕಟ್ಟೆಗೆ ಬಂದಿದ್ದವು.

1963ರ ಹೊತ್ತಿಗೆ ಗಂಟಲಿನ ತೊಂದರೆ ಶುರುವಾಯಿತು. ಹಾಡುವುದು ವಿರಳವಾಗುತ್ತ ಬಂದು 1970ರ ದಶಕದ ಆರಂಭದಲ್ಲಿ ನಿಂತೇಹೋಯಿತು. ನಡುವೆ 1969ರಲ್ಲಿ '3000 ಇಯರ್ಸ್ ವಿತ್ ಒಟಿಲಿ' ಎಂಬ ಸ್ವತಂತ್ರ ಆಲ್ಬಮ್ ಹೊರಬಂತು. ಅದರ ಮೂಲ ಪ್ರತಿ ಈಗ ಸಂಗ್ರಾಹಕರಿಗೂ ಸುಲಭವಾಗಿ ಸಿಗದು. 1983ರಲ್ಲಿ ಬಾರ್ಬರನ ತಂಡದೊಂದಿಗೆ ಮತ್ತೆ ಕೆಲವು ಕಛೇರಿ ಕೊಟ್ಟಳು. 2011ರ ಜೂನ್ 20ರಂದು ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ನಿಧನ ಹೊಂದಿದಳು. ಸಮಾಧಿ ಇರುವುದು ಹುಟ್ಟೂರಿಗೆ ಹತ್ತಿರದ ನ್ಯೂಟೌನಾರ್ಡ್ಸ್‌ನಲ್ಲಿ.