ಅಚೆ-ಲೆ ಕಲಿಸಿದ ಆಟ

ಇನ್ನೂರು ಪುಟದ ಆ ನೋಟ್‌ಬುಕ್ಕಿನ ರಟ್ಟು ನೀರು ತಾಗಿ ಉಬ್ಬಿಕೊಂಡಿತ್ತು. ಒಳಗೆ ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಕಾಲಂ: ಹೆಸರು, ಸ್ಕೇಟಿನ ಅಳತೆ, ತೆಗೆದುಕೊಂಡ ದಿನ, ಹಿಂತಿರುಗಿಸಿದ ದಿನ. ಲೇಹ್‌ನಿಂದ ಒಂದು ಗಂಟೆ ದಾರಿಯ ಹಳ್ಳಿಯಲ್ಲಿ, ಜನವರಿಯ ಒಂದು ಬೆಳಿಗ್ಗೆ, ಹದಿನಾರರ ಹುಡುಗಿಯೊಬ್ಬಳು ಅದನ್ನು ನನ್ನ ಕೈಗಿತ್ತು, ‘ನೋಡ್ತಾ ಇರಿ ದೀದಿ, ಬಂದೆ’ ಎಂದು ಹಿಂದಿಯಲ್ಲಿ ಹೇಳಿ ಹೆಪ್ಪುಗಟ್ಟಿದ ಕೆರೆಗೆ ಇಳಿದಳು. ಅಲ್ಲಿ ಇಪ್ಪತ್ತು ಮಕ್ಕಳು ಅವಳಿಗಾಗಿ ಕಾಯುತ್ತಿದ್ದರು. ಮಧ್ಯಾಹ್ನ ಅವಳು ಲೇಹ್‌ನ ಹುಡುಗಿಯರ ತಂಡವೊಂದರಲ್ಲಿ ಐಸ್ ಹಾಕಿ ಆಡುತ್ತಾಳೆ. ಬೆಳಿಗ್ಗೆ ಊರಿನ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾಳೆ.

ನಾನು ಅಲ್ಲಿಗೆ ಹೋಗಿದ್ದು ಪಿಎಚ್.ಡಿ. ಕೆಲಸಕ್ಕೆ. ಹಿಮಾಲಯದ ಚಳಿಗಾಲದ ಆಟಗಳ ಚರಿತ್ರೆ ನನ್ನ ವಿಷಯ. ಹೊರಡುವ ಮುನ್ನ ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: ‘ಆಕರ ಎಲ್ಲಿದೆ?’ ಆಟದ ಫಲಿತಾಂಶಗಳಿವೆ, ಪತ್ರಿಕೆಗಳ ತುಣುಕುಗಳಿವೆ ಎಂದಿದ್ದೆ. ಅವರು ತಲೆಯಾಡಿಸಿದರು. ಒಪ್ಪಿಗೆಯ ತಲೆಯಾಟ ಅದಾಗಿರಲಿಲ್ಲ.

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹಸಿರು ಮೈದಾನ, ಬಿಳಿ ಚೆಂಡು. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ, ಅದನ್ನು ಪಕ್ ಎನ್ನುತ್ತಾರೆ. ಗೋಲ್‌ಕೀಪರ್ ಸೇರಿ ಒಂದು ತಂಡದ ಆರು ಜನ ಏಕಕಾಲಕ್ಕೆ ಮಂಜುಗಡ್ಡೆಯ ಮೇಲಿರುತ್ತಾರೆ. 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಗಂಡಸರು ಈ ಆಟ ಆಡಿದರು. ಶಿಮ್ಲಾದಲ್ಲಿ ಬ್ರಿಟಿಷರ ಸ್ಕೇಟಿಂಗ್ ರಿಂಕ್ ಶುರುವಾದದ್ದೂ ಅದೇ 1920ರಲ್ಲಿ. ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯಲು 1998ರ ನಾಗಾನೊವರೆಗೆ, ಅಂದರೆ ಇನ್ನೂ 78 ವರ್ಷ ಕಾಯಬೇಕಾಯಿತು.

ಶಿಮ್ಲಾದ್ದು ದೊರೆಗಳ ವಿಹಾರ. ಲಡಾಖಿನದು ಬೇರೆ ಕಥೆ. ಅಲ್ಲಿನ ಹಳ್ಳಿಗಳಲ್ಲಿ ಹಿಮ ಕರಗಿದ ನೀರನ್ನು ಹೊಲಗಳಿಗೆ ಬಿಡಲು ಕೂಡಿಡುವ ಸಣ್ಣ ಕೆರೆಗಳಿವೆ, ‘ಝಿಂಗ್’ ಎಂದು ಹೆಸರು. ಬೇಸಿಗೆಯಲ್ಲಿ ಬಾರ್ಲಿಗೆ ನೀರುಣಿಸುವ ಕೆರೆ ಚಳಿಗಾಲದಲ್ಲಿ ತಾನಾಗಿಯೇ ಆಟದ ಬಯಲಾಗುತ್ತದೆ. ಲೇಹ್‌ನ ಕರ್ಜೂ ಕೆರೆಯ ಮೇಲೆ ಸೈನಿಕರೂ ಊರಿನ ಹುಡುಗರೂ ಆಡುತ್ತಿದ್ದ ಆಟಕ್ಕೆ ಅರ್ಧ ಶತಮಾನದ ನೆನಪಿದೆ. ಬೂಟುಗಳ ಅಡಿಗೆ ಕಬ್ಬಿಣದ ಪಟ್ಟಿ ಬಿಗಿದು ಸ್ಕೇಟ್ ಮಾಡಿಕೊಂಡಿದ್ದನ್ನು ಹಿರಿಯರು ಈಗಲೂ ಹೇಳಿ ನಗುತ್ತಾರೆ. 1989ರಲ್ಲಿ ಭಾರತ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯನಾಯಿತು. ಗಂಡಸರ ತಂಡ 2009ರಲ್ಲಿ ಅಬುಧಾಬಿಯಲ್ಲಿ ಏಷ್ಯಾ ಚಾಲೆಂಜ್ ಕಪ್ ಆಡಿತು. ಹೆಂಗಸರ ತಂಡ ಅಂಥ ಪಂದ್ಯಾವಳಿಗೆ ಹೋದದ್ದು 2016ರಲ್ಲಿ, ತೈಪೆಗೆ. ಖರ್ಚಿಗೆ ಸಾವಿರಾರು ಅಪರಿಚಿತರು ಚಂದಾ ಕೊಟ್ಟಿದ್ದರು. ಅಲ್ಲಿ ಎಲ್ಲ ಪಂದ್ಯ ಸೋತರು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿದರು. 2025ರಲ್ಲಿ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು ಬಂತು.

ಇಷ್ಟನ್ನು ಯಾರು ಬೇಕಾದರೂ ಹುಡುಕಿ ಬರೆಯಬಹುದು. ನನ್ನನ್ನು ಕಾಡಿದ್ದು ನಡುವಿನ ಲೆಕ್ಕ. ಕೆರೆಯ ಮಂಜುಗಡ್ಡೆ ಆಟಕ್ಕೆ ಒದಗುವುದು ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ, ವರ್ಷಕ್ಕೆ ಎರಡು ತಿಂಗಳು. ತೈಪೆಯ ಸೋಲಿನಿಂದ ಕಂಚಿನವರೆಗಿನ ಒಂಬತ್ತು ವರ್ಷವನ್ನು ಕೆರೆಯ ಲೆಕ್ಕದಲ್ಲಿ ಎಣಿಸಿದರೆ 18 ತಿಂಗಳು. ಅದರಲ್ಲೂ ಹುಡುಗರ ಆಟ ಮುಗಿದು ಉಳಿದ ಹೊತ್ತಷ್ಟೇ ಬಹುಕಾಲ ಹುಡುಗಿಯರ ಪಾಲಿಗೆ ಸಿಕ್ಕಿದ್ದು. ಅಷ್ಟರಲ್ಲಿ ಒಂದು ತಂಡ ಹೇಗೆ ತಯಾರಾಯಿತು? ಆಡುವವಳು ಕಲಿತು ಮುಗಿಸಲಿ, ಆಮೇಲೆ ಕಲಿಸಲಿ ಎಂದು ಕಾದಿದ್ದರೆ ತಯಾರಾಗುತ್ತಲೇ ಇರಲಿಲ್ಲ. ಹೋದ ಚಳಿಗಾಲ ಕಲಿತವಳು ಈ ಚಳಿಗಾಲ ಕಲಿಸುತ್ತಾಳೆ. ಕೆಲವೊಮ್ಮೆ ನಿನ್ನೆ ಕಲಿತದ್ದನ್ನು ಇವತ್ತು.

ರಾಷ್ಟ್ರೀಯ ತಂಡದ ಆಟಗಾರ್ತಿಯರೇ ಸೇರಿ ಲಡಾಖ್ ಮಹಿಳಾ ಐಸ್ ಹಾಕಿ ಫೌಂಡೇಶನ್ ಕಟ್ಟಿಕೊಂಡು ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. 2018ರ ಜನವರಿಯಲ್ಲಿ ಕೆನಡಾದ ಹೇಯ್ಲಿ ವಿಕೆನ್‌ಹೈಸರ್ ಲಡಾಖಿಗೆ ಬಂದು ಹುಡುಗಿಯರಿಗೆ ತರಬೇತಿ ಕೊಟ್ಟರು. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು, ತಾವೇ ಹದಿನೈದಕ್ಕೆ ದೇಶದ ತಂಡ ಸೇರಿದವರು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಹುಡುಗಿಯರು ಕ್ಯಾಲ್ಗರಿಯಲ್ಲಿ ಅವರ ಹಬ್ಬಕ್ಕೆ ಹೋಗಿ ಆಡಿದರು. ಪತ್ರಿಕೆಗಳಲ್ಲಿ ಈ ಭೇಟಿಗೆ ಸಿಕ್ಕ ಜಾಗ ದೊಡ್ಡದು, ಸಿಗಬೇಕಾದದ್ದೇ. ಆದರೆ ಅತಿಥಿ ಹೊರಟುಹೋದ ಮೇಲಿನ ಬೆಳಿಗ್ಗೆ ಕೆರೆಗೆ ಇಳಿದವರು ಯಾರು ಎಂದು ಯಾವ ವರದಿಯೂ ಹೇಳುವುದಿಲ್ಲ.

ಅವತ್ತು ದಂಡೆಯಲ್ಲಿ ಕೂತು ನಾನು ನೋಡಿದ ಪಾಠ ಬೀಳುವುದರಿಂದ ಶುರುವಾಯಿತು. ಹುಡುಗಿ ಬೇಕೆಂದೇ ಬಿದ್ದಳು. ಹಿಂದಕ್ಕಲ್ಲ, ಪಕ್ಕಕ್ಕೆ, ಮಂಡಿ ಮಡಚಿ, ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡು. ಬಿಡಿಸಿದ ಬೆರಳಿನ ಮೇಲೆ ಇನ್ನೊಬ್ಬರ ಬ್ಲೇಡು ಹರಿಯಬಹುದಲ್ಲ. ಮಕ್ಕಳೂ ಧೊಪ್ಪನೆ ಬಿದ್ದರು, ಕೇಕೆ ಹಾಕಿದರು. ಆಮೇಲೆ ಏಳುವುದು: ಮೊದಲು ಎರಡೂ ಮಂಡಿ, ಬಳಿಕ ಒಂದು ಪಾದ, ಅದೇ ತೊಡೆಯ ಮೇಲೆ ಎರಡೂ ಕೈ ಊರಿ ಎದ್ದೇಳುವುದು. ಇದಕ್ಕೇ ಮುಕ್ಕಾಲು ಗಂಟೆ. ತೀರ ಚಿಕ್ಕವರು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ತಳ್ಳಿಕೊಂಡು ಹೋಗುತ್ತಿದ್ದರು. ಎಲ್ಲಕ್ಕಿಂತ ಕಷ್ಟ ಜಾರುವುದಲ್ಲ, ನಿಲ್ಲುವುದು. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಬ್ಲೇಡಿನ ಒಳ ಅಂಚಿನಿಂದ ಮಂಜುಗಡ್ಡೆಯನ್ನು ಕೆರೆದು ನಿಲ್ಲಬೇಕು. ಏಳು ವರ್ಷದ ಹುಡುಗನೊಬ್ಬ ನಿಲ್ಲಲಾರದೆ ಪ್ರತಿ ಸಲವೂ ಅವಳ ಹೊಟ್ಟೆಗೇ ಬಂದು ಗುದ್ದುತ್ತಿದ್ದ. ಅವಳೂ ಪ್ರತಿ ಸಲ ಅದೇ ಜಾಗದಲ್ಲಿ ನಿಂತಿರುತ್ತಿದ್ದಳು. ಬೇಕಂತಲೇ ನಿಂತಿದ್ದಳೆಂದು ನನಗೆ ಹೊಳೆದದ್ದು ಆಮೇಲೆ.

ಮಕ್ಕಳು ಅವಳನ್ನು ಕೋಚ್ ಎನ್ನುವುದಿಲ್ಲ. ‘ಅಚೆ-ಲೆ’ ಎನ್ನುತ್ತಾರೆ. ಲಡಾಖಿಯಲ್ಲಿ ಅಚೆ ಅಂದರೆ ಅಕ್ಕ, ಲೆ ಎಂಬುದು ಮರ್ಯಾದೆಗೆ ಸೇರಿಸುವುದು. ನಮ್ಮ ‘ಅಕ್ಕಾವ್ರೇ’ ಇದ್ದ ಹಾಗೆ. ನಾನು ಸಂದರ್ಶನದಲ್ಲಿ ಕೋಚ್ ಎಂದಾಗ ಅವಳು ತಿದ್ದಿದಳು: ‘ಕೋಚ್ ಅಂದ್ರೆ ಸರ್ಟಿಫಿಕೇಟ್ ಇರೋರು ದೀದಿ. ನಾನು ಬರೀ ಇವರ ಅಕ್ಕ.’ ಈ ಚರಿತ್ರೆ ದಾಖಲೆಗಳಿಂದ ಜಾರಿಹೋದದ್ದು ಈ ಪದದ ಮೂಲಕವೇ ಎಂದು ನನ್ನ ಗುಮಾನಿ. ಅಕ್ಕ ಮಾಡಿದ್ದನ್ನು ಯಾರೂ ಬರೆದಿಡುವುದಿಲ್ಲ. ಅದು ಮನೆಗೆಲಸದ ಹಾಗೆ, ಆಗುತ್ತಿರುತ್ತದೆ.

ಬರೆದಿಟ್ಟಿದ್ದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ದಾನವಾಗಿ ಬಂದ ಹಳೆಯ ಸ್ಕೇಟುಗಳು ಹಳ್ಳಿಗೆಲ್ಲ ಸೇರಿ ಹದಿನಾಲ್ಕು ಜೊತೆ. ಮಕ್ಕಳ ಪಾದ ವರ್ಷಕ್ಕೊಂದು ಅಳತೆ ಬೆಳೆಯುತ್ತದೆ. ಹಾಗಾಗಿ ಕಾಲಂಗಳು ತುಂಬುತ್ತ ಹೋಗಿವೆ: 33, 34, 36. ಕೈಬರಹ ಮೂರು ಸಲ ಬದಲಾಗಿದೆ. ಮೊದಲನೆಯದು ಈಗ ಜಮ್ಮುವಿನಲ್ಲಿ ಓದುತ್ತಿರುವವಳದ್ದು, ಎರಡನೆಯದು ದೆಹಲಿಯಲ್ಲಿ ಕೆಲಸಕ್ಕಿರುವವಳದ್ದು. ಅವರ ಕಾಲದ ಪುಟಗಳಲ್ಲಿ 33ನೇ ಅಳತೆಯ ಮುಂದೆ ಈ ಹುಡುಗಿಯ ಹೆಸರಿದೆ. ‘ಹಿಂತಿರುಗಿಸಿದ ದಿನ’ ಖಾಲಿ. ತೋರಿಸಿದಾಗ ನಾಲಗೆ ಕಚ್ಚಿಕೊಂಡಳು.

ರಾತ್ರಿ ಊರಿನವರ ಜೊತೆ ನಾನೂ ಕೆರೆಗೆ ನೀರು ಹೊಯ್ಯಲು ಹೋದೆ. ಒಮ್ಮೆಗೇ ಸುರಿದರೆ ಗಡ್ಡೆ ಬಿರುಕು ಬಿಡುತ್ತದೆ. ತೆಳ್ಳಗೆ ಒಂದು ಪದರ ಹೊಯ್ದು, ಅದು ಹೆಪ್ಪುಗಟ್ಟಿದ ಮೇಲೆ ಇನ್ನೊಂದು. ಬಿರುಕುಗಳಿಗೆ ಹಿಮವನ್ನು ನೀರಲ್ಲಿ ಕಲಸಿ ಗಾರೆಯಂತೆ ಮೆತ್ತುತ್ತಾರೆ. ನನ್ನ ಕೈಗವಸು ಬಕೆಟ್ಟಿನ ಹಿಡಿಗೆ ಅಂಟಿಕೊಂಡು ನಿಂತಿತು. ಮುಂಚೆ ಇಷ್ಟು ಹೊಯ್ಯಬೇಕಿರಲಿಲ್ಲ, ಈಗ ಗಡ್ಡೆ ಗಟ್ಟಿಯಾಗುವ ದಿನವೇ ಮುಂದೆ ಮುಂದೆ ಹೋಗುತ್ತಿದೆ ಎಂದರು ಒಬ್ಬ ಮುದುಕರು. ಲೇಹ್‌ನಲ್ಲಿ ಯಂತ್ರದಿಂದ ತಣಿಸುವ ರಿಂಕ್ ಬಂದಿದೆ, ಅಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ನಡೆಯುತ್ತದೆ. ಆದರೆ ಆರು ವರ್ಷದ ಮಗು ಮನೆಯಿಂದ ಕುರ್ಚಿ ಹೊತ್ತು ಅಲ್ಲಿಯವರೆಗೆ ಹೋಗುವುದಿಲ್ಲ.

ಹುಡುಗಿ ಮುಂದಿನ ವರ್ಷ ಓದಲು ಚಂಡೀಗಢಕ್ಕೆ ಹೊರಡುವವಳು. ಚಳಿಗಾಲದ ರಜೆಗೆ ಬರುತ್ತೀಯಲ್ಲ ಎಂದೆ. ಅಲ್ಲಿನ ಕಾಲೇಜುಗಳ ರಜೆ ಬೇಸಿಗೆಗೆ, ಇಲ್ಲಿನ ಆಟ ಚಳಿಗಾಲಕ್ಕೆ, ಎರಡೂ ಕೂಡಿಬರುವುದು ಹತ್ತು ದಿನವೋ ಏನೋ ಎಂದಳು. ಆಟ ಬಿಡುವ ಬೇಸರಕ್ಕಿಂತ ಅವಳಿಗೆ ನೋಟ್‌ಬುಕ್ಕಿನ ಚಿಂತೆ. ಒಳ್ಳೆಯ ಆಟಗಾರ್ತಿ ಒಬ್ಬಳಿದ್ದಾಳೆ, ಆದರೆ ಚಿಕ್ಕವರು ಬಿದ್ದರೆ ನಗುತ್ತಾಳೆ. ಇನ್ನೊಬ್ಬಳು ಹನ್ನೆರಡರವಳು, ಆಟ ಸಾಧಾರಣ, ಆದರೆ ಲೇಸು ಕಟ್ಟಲು ಬಾರದ ಮಗುವಿನ ಮುಂದೆ ತಾನಾಗಿ ಮಂಡಿಯೂರುತ್ತಾಳೆ.

ನಾನು ಹೊರಡುವ ದಿನದ ಪಾಠವನ್ನು ಆ ಹನ್ನೆರಡರವಳೇ ನಡೆಸಿದಳು. ದೊಡ್ಡವಳು ದಂಡೆಯಲ್ಲಿ ನನ್ನ ಪಕ್ಕ ಕೂತು, ಬಾಯಿ ಬಿಡಬಾರದೆಂದು ಶಾಲನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಏಳು ವರ್ಷದ ಹುಡುಗ ರಭಸದಿಂದ ಜಾರಿ ಬಂದ. ಚಿಕ್ಕ ಅಚೆ-ಲೆ ಗಾಬರಿಯಿಂದ ಪಕ್ಕಕ್ಕೆ ಸರಿದಳು. ಗುದ್ದಲು ಎದುರಿಗೆ ಯಾರೂ ಇಲ್ಲದೆ ಅವನು ಹಿಮ್ಮಡಿ ಹೊರಕ್ಕೆ ತಳ್ಳಿದ, ಕರಕರ ಸದ್ದಾಯಿತು, ನಿಂತ.